ಪಾವಿನಲ್ಲಿ ಮನಸ್ಸು ಅಳೆದವರು

ಖುಷಿಯಾದರೆ ಡಾಕ್ಟರಮ್ಮನ ಕಿವಿ ಕೆಂಪಾಗುತ್ತಿದ್ದವು. ಮುಖವಲ್ಲ, ಕೆನ್ನೆಯಲ್ಲ, ಬರೀ ಕಿವಿ. ಮೊದಲು ಹಾಲೆ, ಆಮೇಲೆ ಮೇಲಿನ ಅಂಚು, ಕೊನೆಗೆ ಹಳೇ ಬುಗುಡಿಯ ಸುತ್ತ ಇಡೀ ಕಿವಿಯೇ ಮಾಗಿದ ಟೊಮ್ಯಾಟೊ. ಆ ದಿನಗಳಲ್ಲಿ ನಮ್ಮ ಹೊಸಪೇಟೆಯಲ್ಲಿ ಕೆಂಪಾಗದೇ ಉಳಿದದ್ದು ಏನೂ ಇರಲಿಲ್ಲ ಅನ್ನಿ. ಬೇವಿನ ಎಲೆ ಕೆಂಪು, ಒಣಗಲು ಹಾಕಿದ ಬೆಡ್‌ಶೀಟ್ ಕೆಂಪು, ನಮ್ಮ ಕಾಂಪೌಂಡಿನ ಮೇಲೆ ಕೂರುತ್ತಿದ್ದ ಪಾರಿವಾಳವೂ ಕೆಂಪು. ಸಂಡೂರಿನ ಗುಡ್ಡಗಳನ್ನು ತುಂಬಿಕೊಂಡ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂತಿ ಹಚ್ಚಿಕೊಂಡು ಹೋಗುತ್ತಲೇ ಇದ್ದವು. ಊರಿಗೆಲ್ಲ ಅದಿರಿನ ಧೂಳಿನ ಬಣ್ಣ. ಒಳಗಿನಿಂದ ಕೆಂಪಾಗುತ್ತಿದ್ದದ್ದು ಡಾಕ್ಟರಮ್ಮನ ಕಿವಿ ಮಾತ್ರ.

ಅವರು ಔಷಧಿ ಕೊಡುವ ಡಾಕ್ಟರಲ್ಲ. ಇಲ್ಲಿನ ಕಾಲೇಜೊಂದರಲ್ಲಿ ಸೈಕಾಲಜಿ ಲೆಕ್ಚರರ್. ಐವತ್ತರ ಹೊಸ್ತಿಲಲ್ಲಿ ಪಿಎಚ್.ಡಿ. ಮಾಡಲು ಹೊರಟಿದ್ದರು, ಅಂದರೆ ಆಗಿನ್ನೂ ಯಾವ ಅರ್ಥದಲ್ಲೂ ಡಾಕ್ಟರಲ್ಲ. ಆದರೆ ಹೆಗಲಿಗೊಂದು ಬ್ಯಾಗು, ಕಪ್ಪು ದಾರ ಕಟ್ಟಿದ ಕನ್ನಡಕ, ಮನೆಮನೆಗೆ ಹೋಗಿ "ನಿಮಗ ಹೆಂಗ ಅನಸ್ತೈತಿ?" ಎಂದು ಕೇಳುವ ಚಾಳಿ. ನಮ್ಮ ಜನಕ್ಕೆ ಇಷ್ಟು ಸಾಕಲ್ಲ! ಕೆಮ್ಮು ಹೇಳಿಕೊಂಡರು, ಮಂಡಿನೋವು ಹೇಳಿಕೊಂಡರು. ನಾನು ಅಂಥ ಡಾಕ್ಟರಲ್ಲ ಅಂದು ಅಂದು ಸಾಕಾಗಿ ಅವರು ಬ್ಯಾಗಿನಲ್ಲಿ ಶುಂಠಿ ಪೆಪ್ಪರ್‌ಮೆಂಟ್ ಇಟ್ಟುಕೊಳ್ಳತೊಡಗಿದರು. "ಇದನ್ನ ಚೀಪ್ರಿ, ನಾಕು ಪ್ರಶ್ನಾಕ್ಕ ಉತ್ತರಾ ಹೇಳ್ರಿ" ಎನ್ನುತ್ತಿದ್ದರು. ಕೆಲವರ ಕೆಮ್ಮು ನಿಜವಾಗಿಯೂ ನಿಂತಿತು, ಅದು ಬೇರೆ ಮಾತು.

ನನ್ನ ಮನೆಗೆ ಅವರು ಬಂದದ್ದು ನಾನು ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆದ ವರ್ಷ. ಯಜಮಾನರು ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಬೆಳಗಾದರೆ ಪೇಪರ್, ಕ್ರಾಸ್‌ವರ್ಡ್, ಗಿಡಕ್ಕೆ ನೀರು, ಅಷ್ಟೇ ನನ್ನ ಲೈಫು. ಗೇಟಿನ ಹೊರಗೇ ನಿಂತು ಅವರು ಕೇಳಿದರು:

"ಟೀಚರ್, ನಿಮ್ಮ ಇಂಗ್ಲಿಷ್ ಭಾಳ ಛಲೋ ಅಂತ. ಕನ್ನಡ ಹೆಂಗ?"

"ಕನ್ನಡ ನನ್ನ ಮದರ್ ಟಂಗ್" ಅಂದೆ, ಸ್ವಲ್ಪ ಕೋಪದಿಂದಲೇ.

"ಮದರ್ ಟಂಗ್ ಅನ್ನೋದನ್ನ ಇಂಗ್ಲಿಷಿನಾಗ ಹೇಳಿದ್ರಿ ನೋಡ್ರಿ" ಎಂದು ನಕ್ಕರು. ಕಿವಿ ಕೆಂಪಾಗುವುದನ್ನು ನಾನು ಮೊದಲು ಕಂಡದ್ದು ಆವತ್ತೇ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಪಳಗಿದವಳು ನಾನು, ಎದುರಾಡುವವರನ್ನು ಕಂಡರೆ ನನಗಾಗದು. ಆದರೂ ಗೇಟು ತೆಗೆದೆ.

ಒಳಗೆ ಬಂದು ಕೆಲವು ಹಾಳೆ ಹರಡಿದರು. ಎಲ್ಲ ಇಂಗ್ಲಿಷ್ ವಾಕ್ಯಗಳು. ಮನಸ್ಸಿಗೆ ಒಗ್ಗದ ವಿಚಾರ, ನೆನಪು, ಸಂಕಟ ಇವುಗಳಿಂದ ಮನುಷ್ಯ ಎಷ್ಟು ತಪ್ಪಿಸಿಕೊಂಡು ಓಡುತ್ತಾನೆ ಎಂದು ಅಳೆಯುವ ಪ್ರಶ್ನಾವಳಿ. ಹೊರದೇಶದ ಕಾಲೇಜು ಹುಡುಗರಿಗೆಂದು ಮಾಡಿದ್ದು. ಅದನ್ನು ನಮ್ಮ ಸೀಮೆಯ ಜನಕ್ಕೆ ಒಪ್ಪುವ ಹಾಗೆ ಮಾಡಬೇಕು, ಕನ್ನಡಕ್ಕೆ ತರಲು ನಾನು ಬೇಕು.

"ಇದನ್ನೆಲ್ಲ ಅಳೆದು ಏನು ಮಾಡ್ತೀರಿ?" ಅಂದೆ.

"ಬ್ಯಾಡಾದ ವಿಚಾರ ಬಂದ್ರ ಮನುಷ್ಯಾ ಏನ್ ಮಾಡ್ತಾನ್ರಿ? ಬಾಗಲಾ ಹಾಕ್ಕೊಂತಾನ. ಬಾಗಲಾ ಹಾಕ್ಕೊಂಡು ಒಳಗ ಕುಂತವಗ ಒಲಿ ಮ್ಯಾಲಿನ ಹಾಲು ಉಕ್ಕೋದೂ ಕಾಣಂಗಿಲ್ಲ. ಯಾರ ಮನ್ಯಾಗ ಎಷ್ಟು ಹಾಲು ಹೊಂಟೈತಿ ಅಂತ ಯಾರಾರ ಒಬ್ರು ನೋಡಬೇಕಲ್ರಿ?"

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಹೊತ್ತಿಗೆ ನನ್ನ ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಒಂದು ವರ್ಷದಿಂದ ಪರದೆ ಎಳೆದ ಹಾಗೆ ಅಂಚಿನಿಂದ ಒಳಕ್ಕೆ ಕತ್ತಲು ಸರಿಯುತ್ತ ಬಂದಿತ್ತು. ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಕಪ್ಪಿನ ಹೊರಗೆ ಟೀ ಸುರಿದರೆ ಧೂಳು, ಮೆಟ್ಟಿಲು ತಪ್ಪಿದರೆ ಧೂಳು. ಊರಿನಲ್ಲಿ ಎಲ್ಲದಕ್ಕೂ ಧೂಳೇ ಕಾರಣವಾಗಿದ್ದ ಕಾಲ, ನನ್ನ ಸುಳ್ಳು ಯಾರಿಗೂ ಎದ್ದು ಕಾಣಲಿಲ್ಲ. ನನ್ನ ತಾಯಿ ಕೊನೆಯ ಹನ್ನೊಂದು ವರ್ಷ ಗೋಡೆ ಮುಟ್ಟಿಕೊಂಡು ಓಡಾಡಿದವರು. ಮಟಮಟ ಮಧ್ಯಾಹ್ನ ನನ್ನ ಕೈ ಹಿಡಿದು "ದೀಪಾ ಹಚ್ಚಿದೇನವಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ನೆನಪಾದರೆ ಸಾಕು, ನಾನು ಎದ್ದು ಪೊರಕೆ ಹಿಡಿಯುತ್ತಿದ್ದೆ. ಗುಡಿಸಿದ ಮನೆಯನ್ನೇ ಮತ್ತೆ ಗುಡಿಸುತ್ತಿದ್ದೆ.

ಇಂಥವಳನ್ನು ಹುಡುಕಿಕೊಂಡು ಬಂದಿದ್ದರು ಡಾಕ್ಟರಮ್ಮ, ತಪ್ಪಿಸಿಕೊಳ್ಳುವವರ ಅಳತೆಗೆ ಅಸಿಸ್ಟೆಂಟ್ ಆಗಿ! ಐ ಮಸ್ಟ್ ಕನ್ಫೆಸ್, ನನಗೆ ಒಂದಿಷ್ಟೂ ಅಳುಕಾಗಲಿಲ್ಲ. ಅರವತ್ತರಲ್ಲಿ ಕೆಲಸ ಸಿಕ್ಕಿತೆಂದು ಕುಣಿಯುವುದೊಂದು ಬಾಕಿ.

ಮೊದಲನೇ ವಾಕ್ಯವನ್ನು ಎರಡು ದಿನ ಡಿಕ್ಷನರಿ ನೋಡಿ ತರ್ಜುಮೆ ಮಾಡಿದೆ. 'ಅಹಿತಕರ ಭಾವನೆಗಳನ್ನು ನಿವಾರಿಸಿಕೊಳ್ಳಲು ನಾನು ಸತತವಾಗಿ ಪ್ರಯತ್ನಿಸುತ್ತೇನೆ.' ಹೆಮ್ಮೆಯಿಂದ ಓದಿದೆ. ಡಾಕ್ಟರಮ್ಮ ಕಣ್ಣು ಮುಚ್ಚಿ ಕೇಳಿದರು.

"ಇದರ ಹಿಂದ ಹವಾಮಾನ ವರದಿ ಬರ್ತೈತೇನ್ರಿ ಟೀಚರ್?"

"ವಾಟ್ ಡು ಯೂ ಮೀನ್?"

"ರೇಡಿಯೋ ಕೇಳ್ದಂಗಾತು. ಒಂದು ಮಾತು ಕೇಳ್ತೀನಿ. ಬ್ಯಾಡಾದ್ದು ನೆನಪಾದ್ರ ನೀವು ಏನು ಮಾಡ್ತೀರಿ?"

"ಕಸ ಹೊಡೀತೀನಿ" ಅಂದುಬಿಟ್ಟೆ. ಬಾಯಿಂದ ಅದು ಹೇಗೆ ಬಂತೋ.

ಅವರು ಪೆನ್ನು ಕಿತ್ತುಕೊಂಡು ಬರೆದರು. 'ಬ್ಯಾಡಾದ್ದು ನೆನಪಾದ್ರ ನಾನು ಎದ್ದು ಕಸ ಹೊಡೀತೀನಿ.' ಅದೇ ನಮ್ಮ ಪ್ರಶ್ನಾವಳಿಯ ಒಂದನೇ ವಾಕ್ಯವಾಯಿತು. ಆಮೇಲೆ ಇಂಗ್ಲಿಷ್ ಹಾಳೆ ಮೂಲೆಗೆ ಹೋಯಿತು. ಟಿ.ಬಿ. ಡ್ಯಾಂ ಬಸ್ಸಿನಲ್ಲಿ, ಸಂತೆಯಲ್ಲಿ, ಹಿಟ್ಟಿನ ಗಿರಣಿಯ ಸಾಲಿನಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಇಬ್ಬರೂ ಬರೆದುಕೊಂಡೆವು. 'ಸಂಕಟದ ಮಾತು ಬಂದ್ರ ಟೀವಿ ಸೌಂಡ್ ಜಾಸ್ತಿ ಮಾಡ್ತೀನಿ.' 'ಯಾರಾರ ಅಳಾಕ ಹತ್ತಿದ್ರ ಊಟಾ ಆತೇನು ಅಂತ ಕೇಳ್ತೀನಿ.' 'ಮನಸ್ಸಿಗೆ ಬ್ಯಾಡಾದ ಜಾಗಾ ಬಂದ್ರ ಸುತ್ತು ಹಾಕ್ಕೊಂಡು ಹೋಗ್ತೀನಿ.' ಪ್ರತಿ ವಾಕ್ಯ ಸಿಕ್ಕಾಗಲೂ ಡಾಕ್ಟರಮ್ಮನ ಕಿವಿ ದೀಪದ ಹಾಗೆ ಹೊತ್ತಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಒಮ್ಮೆ, ಗಂಡನ ಜೊತೆ ಜಗಳಾಡುತ್ತಿದ್ದ ಹೆಂಗಸಿಗೆ "ಇನ್ನೊಮ್ಮೆ ಹೇಳವಾ, ಬರ್ಕೊಂತೀನಿ" ಅಂದು ಬೈಸಿಕೊಂಡರು. ನಾನೂ ಜೊತೆಗೆ ಬೈಸಿಕೊಂಡೆ. ಕಾನ್ವೆಂಟ್ ಬಿಟ್ಟ ಮೇಲೆ ನಾನು ಅಷ್ಟು ನಕ್ಕಿರಲಿಲ್ಲ.

ವಾಕ್ಯಗಳೇನೋ ಆದವು. ಉತ್ತರ ತೆಗೆಯುವುದು ಹೇಗೆ? ಒಂದು ಅಂದರೆ ಸುಳ್ಳು, ಐದು ಅಂದರೆ ಪೂರ್ತಿ ಖರೆ, ನಡುವೆ ಒಂದು ನಂಬರ್ ಹೇಳಿ ಎಂದು ಕೇಳಿದೆವು. ಕುರೆಕುಪ್ಪದಲ್ಲಿ ಸ್ಟೀಲ್ ಪ್ಲಾಂಟಿನ ಶಿಫ್ಟ್ ಮುಗಿಸಿ ಬಂದವನೊಬ್ಬ ಕೈಮುಗಿದು "ನಿಮಗ ಎಷ್ಟು ಬೇಕು ಹೇಳ್ರಿ ಮೇಡಂ, ಅಷ್ಟ ಹೇಳ್ತೀನಿ" ಅಂದ. ಅವನ ಹೆಂಡತಿ "ಐದು ಹೇಳ್ರಿ, ಜಲ್ದಿ ಕಳಸ್ತಾರ" ಅಂದಳು.

ಮರುವಾರ ಡಾಕ್ಟರಮ್ಮ ಒಂದು ಹಿತ್ತಾಳೆ ಪಾವು ಹಿಡಿದು ಬಂದರು. ಕಂಪ್ಲಿಯಲ್ಲಿ ಅವರ ತವರಿನದು ಅಕ್ಕಿ ಗಿರಣಿ. ಮೂರು ತಲೆಮಾರು ಅಕ್ಕಿ ಅಳೆದು ಅಂಚು ಸವೆದ ಪಾವು. ಒಳಗೆ ಕೆಂಪು ನೇಲ್ ಪಾಲಿಶಿನಲ್ಲಿ ಅಡ್ಡ ಗೆರೆ ಎಳೆದಿದ್ದರು. ಇನ್ನೊಂದು ಚೀಲದಲ್ಲಿ ಜೋಳ.

"ನಂಬರ್ ಬ್ಯಾಡ. ಮಾತು ಎಷ್ಟು ಖರೆ ಐತೋ ಅಷ್ಟು ಜೋಳಾ ಹಾಕ್ರಿ ಅನ್ನೋಣು. ಪೂರಾ ಖರೆ ಇದ್ರ ತುಂಬ. ಸುಳ್ಳಿದ್ರ ಬರಿದು. ಅಳಿಯೋದು ನಮ್ಮ ಮಂದಿಗೆ ಕಲಸಬೇಕೇನ್ರಿ?"

ಅವರೇ ಮಾಡಿ ತೋರಿಸಿದರು. ಸುರಿದರು, ಹೆಬ್ಬೆರಳಿನಿಂದ ತಲೆ ಸವರಿದರು, ಮತ್ತೆ ಚೀಲಕ್ಕೆ ಸುರಿದರು. ನೋಡಲಿಕ್ಕೇ ಒಂದು ಚಂದ. ಮತ್ತು ನೋಡಿ, ಜನ ಅರಳಿದರು! ನಂಬರ್ ಕೇಳಿದರೆ ಮುಖ ತಿರುಗಿಸುತ್ತಿದ್ದವರು ಪಾವು ಕೈಗೆ ಬಂದದ್ದೇ ತಡ, ಕೂತು ಯೋಚನೆ ಮಾಡಿ, ಒಂದೊಂದೇ ಮುಷ್ಟಿ ಹಾಕಿ, ಮತ್ತೆ ನಾಲ್ಕು ಕಾಳು ತೆಗೆದು, "ಈಗ ಬರೋಬರಿ ಆತು" ಅನ್ನುತ್ತಿದ್ದರು. ಗೆರೆ ಓದಿ ಹೇಳುವುದು ನನ್ನ ಕೆಲಸ. ಪಾವನ್ನು ಬಲಗಡೆಗೆ ಸರಿಸಿಕೊಂಡು, ತಲೆ ಓರೆ ಮಾಡಿ ಓದುತ್ತಿದ್ದೆ. ಡಾಕ್ಟರಮ್ಮ ಅದನ್ನು ನೋಡುತ್ತಿದ್ದರೆಂದು ಆಗ ನನಗೆ ಗೊತ್ತಿರಲಿಲ್ಲ.

ಆರು ವಾರ ಹೀಗೆ ಅಳೆದೆವು. ಒಂದು ಸಂಜೆ ಹಾಳೆಗಳನ್ನೆಲ್ಲ ನಮ್ಮ ನಡುಮನೆಯಲ್ಲಿ ಹರಡಿಕೊಂಡು ಡಾಕ್ಟರಮ್ಮ ಎದ್ದು ನಿಂತರು.

"ಟೀಚರ್! ಒಬ್ಬರೂ, ಒಬ್ಬರಂದ್ರ ಒಬ್ಬರೂ, ಒಂದು ಮಾತಿಗೂ ಬರಿದು ಪಾವು ಕೊಟ್ಟಿಲ್ಲ. ಇಡೀ ಸೀಮೀನ ಬಾಗಲಾ ಹಾಕ್ಕೊಂಡು ಕುಂತೈತಿ!"

ಅವರ ಎರಡೂ ಕಿವಿ ಉರಿಯುತ್ತಿದ್ದವು. ನಾನು ಕೇಸರಿಬಾತ್ ಮಾಡಿದೆ. ದೊಡ್ಡ ಡಿಸ್ಕವರಿ ಆಗಿಹೋಗಿದೆ ಎಂದು ಇಬ್ಬರೂ ತಿಂದೆವು.

ಆದರೆ ಡಾಕ್ಟರಮ್ಮನಿಗೆ ಖುಷಿಯನ್ನೂ ಒಮ್ಮೆ ಅಳೆದು ನೋಡುವ ಅಭ್ಯಾಸ. ಕಂಪ್ಲಿ ಕಡೆಯ ಮೆಟ್ರಿ ಎಂಬ ಹಳ್ಳಿಗೆ ಹೋಗುವಾಗ ಹೊಸದೊಂದು ವಾಕ್ಯ ಸೇರಿಸಿದರು. ಜನ ಮಾತು ತಿಳಿದುಕೊಂಡೇ ಅಳೆಯುತ್ತಿದ್ದಾರೋ ಇಲ್ಲವೋ ನೋಡಲಿಕ್ಕೆ, ಯಾರೂ ಖರೆ ಅನ್ನಲಾಗದ ವಾಕ್ಯ. 'ನಾನು ದಿನಾ ಮುಂಜಾನಿ ಹಂಪಿ ಗುಡ್ಡ ತಲೀ ಮ್ಯಾಲೆ ಹೊತ್ಕೊಂಡು ಅಡ್ಡಾಡ್ತೀನಿ.' ಭತ್ತದ ಗದ್ದೆಯ ಕಾಲುವೆ ಪಕ್ಕ ಒಬ್ಬ ಅಜ್ಜಿಯ ಮನೆ. ಹಣೆ ತುಂಬ ವಿಭೂತಿ, ಬಾಯಲ್ಲಿ ಎಲೆಯಡಿಕೆ. ವಾಕ್ಯ ಓದಿದೆ. ಅಜ್ಜಿ ಗಂಭೀರವಾಗಿ ಒಂದು ಹಿಡಿ ಜೋಳ ಪಾವಿಗೆ ಹಾಕಿ ಕೊಟ್ಟಳು.

"ಅಜ್ಜೀ, ನೀವು ಗುಡ್ಡ ಹೊರ್ತೀರಾ?" ಅಂದೆ.

"ಹುಚ್ಚ ಏನವಾ ನಿನಗ? ಗುಡ್ಡ ಯಾರ ಹೊರ್ತಾರ?"

"ಮತ್ತೆ ಜೋಳ ಹಾಕಿದಿರಲ್ಲ!"

ಅಜ್ಜಿ ನನ್ನನ್ನು ಬಿಟ್ಟು ಡಾಕ್ಟರಮ್ಮನ ಕಡೆ ತಿರುಗಿದಳು, ಇವಳಿಗೆ ಬುದ್ಧಿ ಇಲ್ಲ ನೀನಾದರೂ ಕೇಳು ಅನ್ನುವ ಹಾಗೆ. "ಇವತ್ತು ಶುಕ್ರವಾರ. ಮನಿಗೆ ಬಂದ ಹೆಣ್ಮಕ್ಕಳ ಕೈಯಾಗ ಬರಿದು ಪಾವು ಕೊಡ್ಲೇನು? ಅಳಿಯೋ ಪಾವು ಬರಿದು ಮಾಡ್ತಾರೇನು ಯಾರಾರ? ಅಕ್ಕಿ ತೀರಿದ್ರ ತೀರಿದ್ವು ಅನ್ನಂಗಿಲ್ಲ ನಾವು, ಹೆಚ್ಚಿದಾವ ಅಂತೀವಿ. ಯಾರ ಮನಿ ಮಗಳವಾ ನೀನು?"

"ಅಕ್ಕಿ ಗಿರಣಿ ಮನಿ ಮಗಳು" ಅಂದರು ಡಾಕ್ಟರಮ್ಮ, ಸಣ್ಣ ದನಿಯಲ್ಲಿ.

"ಮತ್ತ?!" ಅಂದಳು ಅಜ್ಜಿ.

ಡಾಕ್ಟರಮ್ಮ ಕೈಯಲ್ಲಿದ್ದ ಪಾವು ನೋಡಿದರು. ಜೋಳ ಚೀಲಕ್ಕೆ ಸುರಿದರು. ಪಾವಿನ ತಳದಲ್ಲಿ ನಾಲ್ಕು ಕಾಳು ಉಳಿದಿದ್ದವು. ಅವರ ಕೈ ತಾನಾಗಿಯೇ ಉಳಿಸಿತ್ತು. ಆರು ವಾರ, ಪ್ರತಿ ಮನೆಯಲ್ಲೂ, ಮಾಡಿ ತೋರಿಸುವಾಗ ಅವರೂ ಹಾಗೇ ಉಳಿಸಿದ್ದರು. ಗಿರಣಿಯ ಮಗಳ ಕೈಗೆ ಗೊತ್ತಿದ್ದದ್ದು ಪಿಎಚ್.ಡಿ. ತಲೆಗೆ ಹೊಳೆದಿರಲಿಲ್ಲ. ಕಾಲುವೆ ದಂಡೆ ಮೇಲೆ ಕೂತು ಅವರು ನಗಲು ಶುರುಮಾಡಿದರು. ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, ಮತ್ತೆ ನಕ್ಕರು. ಅಜ್ಜಿ ಹೆದರಿ ನೀರು ತಂದಳು.

ನಾನು ಮಾತ್ರ ಅಳುವ ಹಾಗಾಗಿದ್ದೆ. "ಆರು ವಾರದ ಕೆಲಸ ಹೋಯ್ತಲ್ಲ!"

"ಹೋಗ್ಲಿ ಬಿಡ್ರಿ! ಮಂದಿ ಸುಳ್ಳು ಹೇಳಿಲ್ಲ, ನಾನ ತಪ್ಪು ಕೇಳೀನಿ. ಎಷ್ಟ್ ಮಸ್ತ್ ತಪ್ಪು ನೋಡ್ರಿ, ಪುಸ್ತಕದಾಗ ಸಿಗಂಗಿಲ್ಲ ಇದು." ಆಮೇಲೆ ನಗು ನಿಲ್ಲಿಸಿ, ಪಾವು ಬ್ಯಾಗಿಗೆ ಹಾಕುತ್ತ ಹೇಳಿದರು. "ಬರಿದು ಇದ್ರ ಬರಿದು ಅಂತ ಬರ್ಯಾಕ ಬರಬೇಕು ಟೀಚರ್. ಇಲ್ಲಾಂದ್ರ ಅದು ಅಳತಿ ಅಲ್ಲ, ಉಪಚಾರ."

ಪಾವಿನ ಬದಲು ಏನು? ಉತ್ತರ ರಸ್ತೆಯ ಮೇಲೇ ಬಿದ್ದಿತ್ತು. ಲಾರಿಯಿಂದ ಉದುರಿದ ಅದಿರಿನ ಕಲ್ಲು. ಸುಪಾರಿ ಗಾತ್ರದ ಹತ್ತು ಕಲ್ಲು ಆರಿಸಿ, ತೊಳೆದು, ಒಂದು ತಟ್ಟೆಯ ಜೊತೆ ಇಟ್ಟುಕೊಂಡರು. ಕಲ್ಲಿಗೆ ಶುಕ್ರವಾರವಿಲ್ಲ, ಉಪಚಾರವಿಲ್ಲ. ಖಾಲಿ ತಟ್ಟೆ ಕೊಡಲು ಯಾರಿಗೂ ಸಂಕೋಚವಾಗಲಿಲ್ಲ. ಎಲ್ಲ ಹೊಸದಾಗಿ, ಮೊದಲಿನಿಂದ.

ಸಂಡೂರಿನಲ್ಲಿ ಮಾತ್ರ ಬೇರೆ ಫಜೀತಿ. ಆರು ಲಾರಿ ಮಾಡಿಕೊಂಡಿದ್ದ ಹೊಸ ಸಾಹುಕಾರರೊಬ್ಬರು, ಎರಡು ಮೊಬೈಲು, ಕೈಗೆ ದಪ್ಪ ಬಂಗಾರದ ಕಡಗ, ಕಲ್ಲು ಕೈಗೆ ಕೊಟ್ಟರೆ ಪ್ರಶ್ನೆ ಕೇಳಿಸಿಕೊಳ್ಳುವುದು ಬಿಟ್ಟು ಅದನ್ನು ತೂಗಿ ನೋಡಿದರು.

"ಒಳ್ಳೆ ಗ್ರೇಡ್ ಐತ್ರೀ ಇದು! ಎಲ್ಲಿ ಸಿಕ್ತು?"

"ರಸ್ತೆದಾಗ್ರಿ. ಮಾತು ಕೇಳ್ರಿ ಸ್ವಲ್ಪ" ಅಂದರು ಡಾಕ್ಟರಮ್ಮ.

"ಕೇಳ್ರಿ, ಕೇಳ್ರಿ. ನನಗ್ಯಾವ ಚಿಂತೀನೂ ಇಲ್ಲ. ಫುಲ್ ಆರಾಮ!"

ಕಸ ಹೊಡೆಯುವುದಕ್ಕೆ ಖಾಲಿ ತಟ್ಟೆ. ಟೀವಿಗೆ ಎರಡು ಕಲ್ಲು, ನಕ್ಕು. 'ಮನಸ್ಸಿಗೆ ಬ್ಯಾಡಾದ ಜಾಗಾ ಬಂದ್ರ ಸುತ್ತು ಹಾಕ್ಕೊಂಡು ಹೋಗ್ತೀನಿ' ಅಂತ ನಾನು ಓದಿದಾಗ ಅವರ ಕೈ ನಿಂತಿತು. ಒಂದು ಕಲ್ಲಿಟ್ಟರು. ಇನ್ನೊಂದು. ಹತ್ತೂ ಇಟ್ಟರು. ಮೊಬೈಲ್ ರಿಂಗಾಯಿತು, ತೆಗೆಯಲಿಲ್ಲ.

"ಅಪ್ಪನ್ನ ಮಣ್ಣು ಮಾಡಿದ್ದು ನಮ್ಮ ಹೊಲದಾಗ್ರಿ. ಈಗಲ್ಲಿ ಅದಿರು ತೋಡಿದ ದೊಡ್ಡ ತಗ್ಗು. ಆ ಕಡೀಗೆ ಹೋಗೋ ದಾರಿ ಹತ್ರ ಆಗ್ತೈತಿ, ನಾನು ಸುತ್ತ ಹೋಗ್ತೀನಿ." ತಟ್ಟೆ ನೋಡಿ, "ಇನ್ನೊಂದೆರಡು ಕಲ್ಲು ಅದಾವೇನ್ರಿ?" ಅಂದರು.

ನಾನಾಗಿದ್ದರೆ ಊಟವಾಯಿತೇ ಎಂದು ಕೇಳುತ್ತಿದ್ದೆ. ಡಾಕ್ಟರಮ್ಮ ಏನೂ ಕೇಳಲಿಲ್ಲ. ಬ್ಯಾಗಿನಿಂದ ಪೆಪ್ಪರ್‌ಮೆಂಟನ್ನೂ ತೆಗೆಯಲಿಲ್ಲ. ಆ ಮನುಷ್ಯ ಹತ್ತು ಕಲ್ಲನ್ನು ನೋಡುತ್ತ ಕೂತಷ್ಟು ಹೊತ್ತು ಇವರೂ ಜೊತೆಗೆ ಸುಮ್ಮನೆ ಕೂತರು. ಅವರ ಹತ್ತಿರ ನಾನು ಕಲಿತದ್ದರಲ್ಲಿ ಅದೇ ದೊಡ್ಡದು, ಹಾಗೆ ಕೂರುವುದು.

ಅವತ್ತೇ ವಾಪಸ್ಸು ಬರುವಾಗ ಸಂಡೂರು ಬಸ್‌ಸ್ಟ್ಯಾಂಡಿನ ಎದುರು ರಸ್ತೆ ದಾಟಲು ಕಾಲಿಟ್ಟೆ. ನನ್ನ ಸೆರಗು ಹಿಡಿದು ಡಾಕ್ಟರಮ್ಮ ಹಿಂದಕ್ಕೆ ಜಗ್ಗಿದರು. ಎಡಗಡೆಯಿಂದ ರಾಂಗ್‌ಸೈಡಿನಲ್ಲಿ ಬಂದ ಟಿಪ್ಪರ್ ಮೂಗಿನ ಮುಂದೆ ಹಾದುಹೋಯಿತು.

"ಏನ್ ಧೂಳು ಈ ಊರಿನಲ್ಲಿ, ಏನೂ ಕಾಣೋದಿಲ್ಲ" ಅಂದೆ, ಸೀರೆ ಕೊಡವುತ್ತ.

ಹಿಂದಿನ ದಿನ ಮಳೆ ಬಂದು ಧೂಳೆಲ್ಲ ಅಡಗಿತ್ತು. ಡಾಕ್ಟರಮ್ಮನ ಕಿವಿ ಬೆಳ್ಳಗಾಗಿದ್ದವು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಬಂದರು. ಕಾಫಿ ಬೇಡ ಅಂದರು. ಟೇಬಲ್ ಮೇಲೆ ತಟ್ಟೆ ಇಟ್ಟು, ಪಕ್ಕದಲ್ಲಿ ಕಲ್ಲು ಇಟ್ಟರು. "ಎಲ್ಲಾರ್ದೂ ಅಳದ್ವಿ. ನಿಮ್ದೂ ಒಂದ್ ಆಗ್ಲಿ ಟೀಚರ್."

"ನಾನು ಅಸಿಸ್ಟೆಂಟ್. ಅಸಿಸ್ಟೆಂಟ್‌ಗಳು ಪರೀಕ್ಷೆ ಬರೆಯೋದಿಲ್ಲ."

"ಒಂದ ಮಾತು. 'ಮೈಯಾಗ ಏನಾರ ತೊಂದ್ರಿ ಕಂಡ್ರ ನೋಡಿದ್ರೂ ನೋಡ್ದಂಗ ಇರ್ತೀನಿ.'"

ಆ ವಾಕ್ಯ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ನಾನು ತಟ್ಟೆಯನ್ನು ಖಾಲಿಯಾಗಿಯೇ ಅವರ ಕಡೆ ತಳ್ಳಿದೆ. "ಝೀರೋ" ಅಂದೆ, ಕ್ಲಾಸಿನಲ್ಲಿ ಹೇಳುವ ಹಾಗೆ.

ಅವರು ಟೇಬಲ್ ಮೇಲೆ ಮೂರು ಕಲ್ಲು ಸಾಲಾಗಿ ಇಟ್ಟರು. "ಕಾಣ್ತಾವೇನು?"

"ಯಾಕೆ ಕಾಣೋದಿಲ್ಲ? ಮೂರು."

"ಈಗ ಬಲಗಣ್ಣು ಮುಚ್ಚ್ರಿ. ಅಂಗೈಲೆ, ಗಟ್ಟಿಯಾಗಿ."

ಎದ್ದು ಹೋಗಬೇಕು ಅನಿಸಿತು. ಪೊರಕೆ ಬಾಗಿಲ ಹಿಂದೆಯೇ ಇತ್ತು. ಆದರೆ ಅವರು ಆ ಸಾಹುಕಾರರ ಮುಂದೆ ಕೂತ ಹಾಗೆಯೇ ಕೂತಿದ್ದರು, ಸುಮ್ಮನೆ. ಅಂಗೈ ಎತ್ತಿ ಬಲಗಣ್ಣು ಮುಚ್ಚಿದೆ.

"ಎಷ್ಟು ಕಲ್ಲು ಅದಾವ್ರಿ ಟೀಚರ್?"

ಮೂವತ್ತೆರಡು ವರ್ಷ ಕಾಪಿ ಹೊಡೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಅವತ್ತು ನಾನೇ ಕಾಪಿ ಹೊಡೆದೆ. ಕಣ್ಣೆದುರಿನ ಕತ್ತಲೆಗೆ ಮುಖ ಮಾಡಿ, ದನಿ ಒಂದಿಷ್ಟೂ ನಡುಗದಂತೆ ಅಂದೆ.

"ಮೂರು."

ಅವರು ನನ್ನ ಎಡಗೈ ಹಿಡಿದು ಟೇಬಲ್ ಮೇಲೆ ಇಟ್ಟು ಮೆಲ್ಲಗೆ ಆ ಕಡೆಯಿಂದ ಈ ಕಡೆಗೆ ಸರಿಸಿದರು. ಮರದ ತಣ್ಣನೆಯ ಹಲಗೆ. ಒಂದು ಕಲ್ಲೂ ಇರಲಿಲ್ಲ.

"ಬರಿದು ಐತ್ರಿ ಟೀಚರ್" ಅಂದರು. "ಬರಿದು ಅಂತ ಹೇಳ್ರಿ ಒಮ್ಮೆ."

ಹೇಳಲು ಬಹಳ ಹೊತ್ತು ಬೇಕಾಯಿತು. ಮೊದಲು ನನ್ನ ತಾಯಿಯ ವಿಚಾರ ಹೇಳಿದೆ. ಗೋಡೆ, ದೀಪ, ಹನ್ನೊಂದು ವರ್ಷ. ಆಮೇಲೆ "ಬರಿದು" ಅಂದೆ. ಹೇಳಿದ ಮೇಲೆ, ನಂಬಿ, ಎದೆಯೊಳಗೆ ಒಂದು ಕಿಟಕಿ ತೆಗೆದ ಹಾಗಾಯಿತು. ಹೆದರಿಕೆ ಹೋಗಲಿಲ್ಲ. ಹೆದರಿಕೆಯ ಜೊತೆ ಒಂದೇ ಸೋಫಾದಲ್ಲಿ ಕೂರಬಹುದು ಎಂದು ಗೊತ್ತಾಯಿತು, ಅಷ್ಟೇ.

ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನನ್ನ ಎಡಗಡೆಯೇ ಕೂತರು. ಕಣ್ಣಿನ ಒತ್ತಡ, ತಾಯಿಯಿಂದ ಬರುವ ಕಾಯಿಲೆ, ಗ್ಲಾಕೋಮಾ ಅಂದರು ಡಾಕ್ಟರು. ಎಡಗಣ್ಣು ಹೋದದ್ದು ಹೋಯಿತು, ಬಲಗಣ್ಣಿನಲ್ಲಿ ಶುರುವಾಗಿದೆ, ತಡ ಮಾಡಿದ್ದರೆ ಇದೂ ಅದೇ ದಾರಿ, ದಿನಾ ಡ್ರಾಪ್ಸ್ ಹಾಕಿದರೆ ಉಳಿಸಿಕೊಳ್ಳಬಹುದು. 'ಉಳಿಸಿಕೊಳ್ಳಬಹುದು' ಅಂದದ್ದೇ ತಡ, ನನಗಿಂತ ಮೊದಲು ಡಾಕ್ಟರಮ್ಮ ಕುರ್ಚಿಯಿಂದ ಎದ್ದರು. ಕಿವಿ ನೋಡಬೇಕಿತ್ತು ನೀವು! ಆಸ್ಪತ್ರೆಯ ಬಿಳೀ ಗೋಡೆಯ ಮುಂದೆ ಎರಡು ದಾಸವಾಳ.

ಅವರ ಥೀಸಿಸ್ ಮುಗಿಯಲು ಇನ್ನೂ ಮೂರು ವರ್ಷ ಹಿಡಿಯಿತು. ಅದರಲ್ಲಿ ಪಾವಿನ ತಪ್ಪಿನ ಬಗ್ಗೆಯೇ ಒಂದು ಪೂರ್ತಿ ಅಧ್ಯಾಯ. ಬಿಡಿ ಅದನ್ನ, ಮರ್ಯಾದೆ ಹೋಗುತ್ತೆ ಎಂದು ಗೈಡ್ ಹೇಳಿದರಂತೆ. ಇವರು ಬಿಡಲಿಲ್ಲ. ವೈವಾದಲ್ಲಿ ಎಲ್ಲರೂ ಕೇಳಿದ್ದು ಅದೊಂದೇ ಅಧ್ಯಾಯದ ಬಗ್ಗೆ. ಡಾಕ್ಟರೇಟ್ ಬಂದ ದಿನ ಮೆಟ್ರಿಯ ಅಜ್ಜಿಗೆ ಸೀರೆ ಕೊಟ್ಟು ಬಂದೆವು. "ಈಗರೇ ಗುಳಿಗಿ ಕೊಡ್ತೀಯೇನು?" ಎಂದು ಕೇಳಿದಳು ಅಜ್ಜಿ.

ಅದಿರಿನ ಕಾಲ ಮುಗಿಯಿತು. ಲಾರಿಗಳು ನಿಂತವು, ಬೇವು ಮತ್ತೆ ಹಸಿರಾಯಿತು. ನನ್ನ ನೆಪಕ್ಕೆ ಧೂಳೂ ಉಳಿಯಲಿಲ್ಲ. ಡಾಕ್ಟರಮ್ಮ ರಿಟೈರ್ ಆಗಿ ಕಂಪ್ಲಿಗೆ, ತಮ್ಮನ ಮನೆಗೆ ಹೋದರು. ವಾರಕ್ಕೊಂದು ಫೋನು ಇದ್ದೇ ಇರುತ್ತಿತ್ತು. "ಡ್ರಾಪ್ಸ್ ಹಾಕ್ಕೊಂಡ್ರೇನು?" ಅದೇ ಅವರ ಹಲೋ.

ಹೋದ ವರ್ಷ ಒಂದು ಬೆಳಿಗ್ಗೆ ಅವರ ತಮ್ಮ ಫೋನ್ ಮಾಡಿದರು. "ಅಕ್ಕಗ ಭಾಳ ಆರಾಮಿಲ್ರಿ ಟೀಚರ್. ಡಾಕ್ಟ್ರು ಮನಿಗೆ ಕರ್ಕೊಂಡು ಹೋಗ್ರಿ ಅಂದಾರ. ನಿಮ್ಮನ್ನ ಕೇಳಾಕ ಹತ್ಯಾಳ." ಸರಿ, ನೋಡೋಣ, ಬರ್ತೀನಿ ಎಂದೇನೋ ಹೇಳಿ ಫೋನಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಳ್ಳುತ್ತೇನೆ, ಕೈಯಲ್ಲಿ ಪೊರಕೆ! ಮನೆಯ ಅರ್ಧ ಗುಡಿಸಿಯಾಗಿತ್ತು. ಒಂದನೇ ವಾಕ್ಯ. ಹತ್ತಕ್ಕೆ ಹತ್ತು ಕಲ್ಲು. ಪೊರಕೆಯನ್ನು ಅಲ್ಲೇ ನಡುಮನೆಯಲ್ಲಿ ಬಿಟ್ಟು, ಕಸದ ಗುಪ್ಪೆಯನ್ನೂ ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿ ಕಂಪ್ಲಿ ಬಸ್ಸು ಹತ್ತಿದೆ.

ಗಿರಣಿಯ ಹಿಂದಿನ ಕೋಣೆ. ಭತ್ತ ಬೇಯಿಸುವ ವಾಸನೆ ಗೋಡೆಗೆಲ್ಲ ಹತ್ತಿತ್ತು. ಮಂಚದ ಮೇಲೆ ಅವರು ಒಂದು ಮಡಿಸಿದ ಸೀರೆಯಷ್ಟು ಆಗಿದ್ದರು. ನನ್ನನ್ನು ಕಂಡವರೇ ಕೇಳಿದರು:

"ಕಸಾ ಹೊಡದು ಬಂದ್ರೇನು?"

"ಅರ್ಧ ಹೊಡೆದೆ" ಅಂದೆ.

ನಕ್ಕರು. ದೇವರಾಣೆ, ಆ ಕಿವಿ ಮತ್ತೆ ಕೆಂಪಾದವು. ತೆಳ್ಳಗಾಗಿದ್ದ ಕಿವಿಯ ಆಚೆ ಕಿಟಕಿಯ ಬೆಳಕು ಕಾಣುತ್ತಿತ್ತು. "ಅರ್ಧ! ಮಸ್ತ್ ರಿಸಲ್ಟ್ ಟೀಚರ್! ಬರ್ಕೊಳ್ರಿ, ಬರ್ಕೊಳ್ರಿ." ನಾನು ಬೇಗ ಗುಣವಾಗುತ್ತೀರಿ ಅನ್ನಲಿಲ್ಲ. ಊಟವಾಯಿತೇ ಎಂದು ಕೇಳಲಿಲ್ಲ. ಸಂಜೆಯ ಬಸ್ಸಿನವರೆಗೂ ಅವರ ಕೈ ಹಿಡಿದುಕೊಂಡು ಕೂತೆ, ಅವರು ಕಲಿಸಿದ ಹಾಗೆ.

ಎಂಟು ದಿನಕ್ಕೆ ಹೋದರು. ಕಾರ್ಯ ಮುಗಿದ ಮೇಲೆ ತಮ್ಮ ಆ ಹಿತ್ತಾಳೆ ಪಾವು ತಂದುಕೊಟ್ಟರು. "ಟೀಚರಿಗೆ ಕೊಡು ಅಂದಿದ್ಲರಿ ಅಕ್ಕ." ಗಿರಣಿ ಮನೆಯವರಲ್ಲವೇ, ಬರಿದು ಕೊಡಲು ಮನಸ್ಸಾಗದೆ ಒಂದು ಹಿಡಿ ಅಕ್ಕಿ ಹಾಕಿದ್ದರು. ಒಳಗೆ ನೇಲ್ ಪಾಲಿಶಿನ ಗೆರೆ ಇನ್ನೂ ಇವೆ.

ಪಾವು ನನ್ನ ಕಿಟಕಿಯ ಮೇಲೆ ಇದೆ, ಡ್ರಾಪ್ಸ್ ಬಾಟಲಿಯ ಪಕ್ಕ. ಮನೆಗೆಲಸದಾಕೆಗೆ ಅದರ ಮೇಲೇ ಕಣ್ಣು. "ಅಮ್ಮಾರ, ಬರಿದು ಪಾವು ಇಡಬಾರ್ದ್ರಿ ಮನ್ಯಾಗ" ಎಂದು ಗೊಣಗುತ್ತ ದಿನಾ ಒಂದು ಹಿಡಿ ಜೋಳ ಹಾಕಿ ಹೋಗುತ್ತಾಳೆ. ದಿನಾ 'ಥ್ಯಾಂಕ್ಸ್ ಅವಾ' ಎನ್ನುತ್ತೇನೆ. ಅವಳು ಗೇಟು ದಾಟಿದ ಮೇಲೆ ಜೋಳವನ್ನು ಅಂಗಳದ ಗುಬ್ಬಿಗಳಿಗೆ ಚೆಲ್ಲಿ, ಬಲಗಣ್ಣನ್ನು ಪಾವಿನ ಅಂಚಿಗೆ ತಂದು, ಕೊನೆಯ ಕಾಳೂ ಉಳಿಯದಂತೆ ತಟ್ಟಿ ನೋಡುತ್ತೇನೆ. ಆಮೇಲೆ ಕಿಟಕಿಯ ಮೇಲೆ ಇಡುತ್ತೇನೆ. ಬರಿದು.